ತುಟಿ ಕಾಯಿಸಲು ಬಿಡದವನು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಹಲ್ಲು ಕೀಳಿಸಿಕೊಂಡ ಮೇಲೆ ಬರೆಯುತ್ತೇನೆ ಎಂದುಕೊಂಡೆ. ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದೆ. ಎರಡೂ ಆದವು. ಒಮ್ಮೆ ನಿಜಕ್ಕೂ ಕೂತು ನಾಲ್ಕು ಹಾಳೆ ಬರೆದೆ. ಓದಿ ನೋಡಿದರೆ ಅದರಲ್ಲಿ ಊದುವವನು ಉಸಿರನ್ನು ಹೇಗೆ ತೆಗೆದುಕೊಳ್ಳಬೇಕು, ತುಟಿಯನ್ನು ಹೇಗೆ ಕಾಯಿಸಿಕೊಳ್ಳಬೇಕು ಎಂಬುದಷ್ಟೇ ಇತ್ತು. ನಾನು ಮಾಡಿದ ತಪ್ಪಿನ ಸುದ್ದಿಯೇ ಇರಲಿಲ್ಲ. ಕಳ್ಳನೊಬ್ಬ ಕೂತು ಒಳ್ಳೆಯ ಬೀಗ ಹೇಗಿರಬೇಕೆಂದು ಪಾಠ ಬರೆದ ಹಾಗಿತ್ತು. ಹರಿದು ಹಾಕಿದೆ.

ಈಗ ಬರೆಯುತ್ತಿರುವುದು ಸಿಟ್ಟಿನಿಂದ. ಹೋದ ತಿಂಗಳು ನಿಲಂಗಾದಲ್ಲಿ ಸುತ್ತಲಿನ ಬ್ಯಾಂಡಿನವರೆಲ್ಲ ಸೇರಿ ನನಗೆ ಶಾಲು ಹೊದಿಸಿದರು. ಮೈಕು ಹಿಡಿದವನು ಮರಾಠಿಯಲ್ಲಿ, ಈ ಮನುಷ್ಯ ನಮಗೆ ಉಸಿರಾಡುವುದನ್ನು ಕಲಿಸಿದ ಎಂದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈಮುಗಿದೆ. ಯಾರೋ ಅದರ ಫೋಟೋ ಕಳಿಸಿದ್ದಾರೆ. ಆ ಫೋಟೋದಲ್ಲಿರುವ ಮುದುಕನ ಮುಖಕ್ಕೆ ಒಂದು ಬಾರಿಸಬೇಕು ಅನ್ನಿಸುತ್ತದೆ. ನಾನು ಕಲಿಸುವುದರಲ್ಲಿ ನನ್ನದು ಒಂದೂ ಇಲ್ಲ. ಅದೆಲ್ಲ ಬಂದದ್ದು ಒಬ್ಬನಿಂದ. ಅವನ ಬಾಯಿಯನ್ನು ನಾನು ಹಾಳು ಮಾಡಿದೆ. ಅಷ್ಟು ಸಾಲದೆಂಬಂತೆ ಅವನ ಮನೆಯ ಮಾನವನ್ನೂ ಕಳೆದೆ.

ನಾನು ಉಮರ್ಗಾದವನು. ಮನೆಯಲ್ಲಿ ಹೊಲ, ಲಿಂಗಪೂಜೆ, ಕನ್ನಡ, ಬೀದಿಯಲ್ಲಿ ಮರಾಠಿ, ಬ್ಯಾಂಡಿನಲ್ಲಿ ಉಸ್ತಾದರ ದಖನಿ. ಹೈಸ್ಕೂಲು ಓದಿದ್ದು ಬಸವಕಲ್ಯಾಣದಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಹಾಗಾಗಿ ಕನ್ನಡ ಬರೆಯಲು ಬಂತು. ಹೈವೇ ಪಕ್ಕದ ಒಂದು ಶಟರ್ ಅಂಗಡಿಯಲ್ಲಿ ನಮ್ಮ ಬ್ಯಾಂಡ್ ಪಾರ್ಟಿ. ನಲವತ್ತು ವರ್ಷ ಟ್ರಂಪೆಟ್ ಊದಿದೆ. ಕೊನೆಯ ಹದಿನೈದು ವರ್ಷ ಮಾಸ್ತರನೂ ಆಗಿದ್ದೆ. ಮಾಲಕ ಬೇರೆಯವನು. ಊದುವವರನ್ನು ನಿಲ್ಲಿಸುವುದು, ನಡೆಸುವುದು, ಬಯ್ಯುವುದು ನನ್ನ ಕೆಲಸ. ಮೂರನೆಯದನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ.

ನಮ್ಮಲ್ಲಿ ಯಾರೂ ತುಟಿ ಕಾಯಿಸುತ್ತಿರಲಿಲ್ಲ. ಟೆಂಪೋದಿಂದ ಇಳಿ, ಕೆಂಪು ಕೋಟು ಹಾಕಿಕೋ, ಊದು. ಉಸ್ತಾದರು "ಬಜಾತೇ ಬಜಾತೇ ಗರಮ್ ಹೋತಾ" ಎನ್ನುತ್ತಿದ್ದರು. ಊದುತ್ತಾ ಊದುತ್ತಾ ಅದೇ ಕಾಯುತ್ತದೆ ಎಂದು. ತುಟಿ ಒಡೆದು ರಕ್ತ ಬಂದರೆ ಬೆನ್ನು ತಟ್ಟುತ್ತಿದ್ದರು, ಈಗ ನೀನು ಬಾಜಾದವನಾದೆ ಎಂದು. ಈ ಮೂರ್ಖತನವನ್ನು ನಾನು ವಿದ್ಯೆ ಎಂದು ತಿಳಿದೆ, ವಿದ್ಯೆ ಎಂದೇ ಮುಂದಿನವರಿಗೆ ದಾಟಿಸಿದೆ. ಚಳಿಯ ಬೆಳಗಿನಲ್ಲಿ ಹಿತ್ತಾಳೆ ತಣ್ಣಗಿರುತ್ತದೆ, ಸ್ವರ ಇಳಿದಿರುತ್ತದೆ. ಅದನ್ನು ಏರಿಸಲು ಊದುವವನು ತುಟಿಯನ್ನು ಬಿಗಿದು ಬಟ್ಟಲನ್ನು ಹಲ್ಲಿಗೆ ಒತ್ತುತ್ತಾನೆ. ಟ್ರಂಪೆಟ್ಟಿನ ಮೌತ್‌ಪೀಸಿಗೆ, ತುಟಿಗೆ ಹಚ್ಚುವ ಆ ಪುಟ್ಟ ಹಿತ್ತಾಳೆಗೆ, ನಾವು ಬಟ್ಟಲು ಎನ್ನುತ್ತೇವೆ. ಆಗಷ್ಟೇ ನಿದ್ದೆಯಿಂದೆದ್ದ ತುಟಿ, ಅದರ ಮೇಲೆ ಆ ಒತ್ತಡ, ಹೆಗಲೆತ್ತಿ ಎಳೆದುಕೊಂಡ ಅರ್ಧ ಉಸಿರು. ಹತ್ತು ವರ್ಷಕ್ಕೆ ಕೆಲವರ ತುಟಿ ಹೋಗುತ್ತಿತ್ತು, ಇಪ್ಪತ್ತು ವರ್ಷಕ್ಕೆ ಹಲ್ಲು ಹೋಗುತ್ತಿತ್ತು. ನಾವು ಅದನ್ನು ವಯಸ್ಸು ಎಂದು ಕರೆದು ಸುಮ್ಮನಿರುತ್ತಿದ್ದೆವು.

ಅವನು ನಮ್ಮ ಪಾರ್ಟಿಗೆ ಬಂದು ಈಗ ಹನ್ನೆರಡು ವರ್ಷ. ಊರು ವಲಾಂಡಿಯ ಆಚೆ. ಕುರಿ ಸಾಕುವ, ಬೀರಪ್ಪನ ಒಕ್ಕಲಾದ ಮನೆತನ. ನಲವತ್ತರ ಹತ್ತಿರದ ಗಂಡಸು, ತೆಳ್ಳಗೆ, ಉದ್ದ ಕತ್ತು. ಟ್ರಂಪೆಟ್ ಕಲಿತದ್ದು ಭಾಲ್ಕಿಯ ಒಂದು ಪಾರ್ಟಿಯಲ್ಲಿ, ಆದರೆ ಊದುವುದನ್ನು ಕಲಿತದ್ದು ಅದಕ್ಕೂ ಮೊದಲು, ಅಪ್ಪನ ಹತ್ತಿರ. ಅವನ ಊರಿನ ಬೀರಪ್ಪನ ಗುಡಿಯಲ್ಲಿ ಅಮಾವಾಸ್ಯೆಯ ಪೂಜೆಗೆ ಮುಂಚೆ ತಾಮ್ರದ ಕೊಂಬನ್ನು ಮೂರು ಸಲ ಊದುತ್ತಾರೆ. ಆ ಮಾನ ಅವನ ಮನೆಯದು. ನಿಯಮ ಒಂದೇ: ದಾರೂ ಮುಟ್ಟಿದ ಬಾಯಿ ಕೊಂಬು ಮುಟ್ಟಬಾರದು. "ನಮ್ಮ ಅಣತಮ್ಮರಿಗಿ ಹೊಲ ಬಂತು ಮಾಸ್ತರ, ನಮಗ ಕೊಂಬು ಬಂತು" ಎಂದು ಮೊದಲ ದಿನವೇ ಹೇಳಿದ್ದ, ಕೊಂಬೇ ದೊಡ್ಡ ಪಾಲು ಎನ್ನುವ ದನಿಯಲ್ಲಿ.

ಮೊದಲ ಮದುವೆಯ ಬೆಳಗ್ಗೆ ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದಾಗ ಅವನು ಟೆಂಪೋದ ಹಿಂದೆ ಹೋಗಿ ನಿಂತ. ಬಟ್ಟಲನ್ನು ಕಂಕುಳಲ್ಲಿ ಒತ್ತಿಕೊಂಡ. ಕುದುರೆ ಮಾಡುವಂತೆ ತುಟಿಗಳನ್ನು ಫುರ್ರ್ ಎಂದು ಅಲುಗಿಸಿದ. ಆಮೇಲೆ ಬರೀ ಬಟ್ಟಲನ್ನೇ ತುಟಿಗಿಟ್ಟು ಊದಿದ. ಮರಿ ತಾಯಿಯನ್ನು ಕರೆದಂತೆ ಕೇಳಿಸಿತು.

ನಮ್ಮ ಡೋಲಿನವನು ಸುಮ್ಮನಿರುವ ಆಸಾಮಿ ಅಲ್ಲ. "ಏ, ಕುರಿ ಮನ್ಯಾಗ ಬಿಟ್ಟ ಬಂದೀದೋ, ಬಾಯಾಗ ಇಟಗೊಂಡ ಬಂದೀದೋ?"

"ಬಿಟ್ಟೇ ಬಂದಿದ್ದೆ ಕಾಕಾ. ಒಂದು ತಪ್ಪಿಸಿಗೊಂಡದ, ಹುಡುಕ್ಲತ್ತೀನಿ. ಅದರ ಚರ್ಮಾ ನಿಮ್ಮ ಡೋಲಿನ ಮ್ಯಾಲ ಕಾಣ್ಲತ್ತದ."

ಎಲ್ಲರೂ ನಕ್ಕರು, ಡೋಲಿನವನೂ ನಕ್ಕ. ನಾನು ನಗಲಿಲ್ಲ. ಹೊಸಬನೊಬ್ಬ ಬಂದ ಮೊದಲ ದಿನವೇ ಎಲ್ಲರನ್ನೂ ನಗಿಸುವುದು ನನಗೆ ಹಿಡಿಸಲಿಲ್ಲ.

"ಏನ್ ನಾಟಕ ಇದು?" ಎಂದೆ.

"ಬಾಯಿ ಕಾಯಿಸ್ಲತ್ತೀನ್ರಿ ಮಾಸ್ತರ. ಕಾಲು ಘಂಟಾ."

"ಕಾಲು ಘಂಟಾದಾಗ ಮದುವಿ ಆಗಿ ಕೂಸು ಹುಟ್ಟತಾವ. ನಡಿ."

ಅವನಿಗೆ ಬೇಸರವಾಗಲಿಲ್ಲ. ಬೇಸರ ಪಡುವುದೇ ಅವನಿಗೆ ಗೊತ್ತಿರಲಿಲ್ಲವೋ ಏನೋ. ಅಂದು ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತು, ಕೇಳದಿದ್ದರೂ ಹೇಳಿದ. ಕುರಿಗಳ ಹಿಂದೆ ನಡೆಯುವಾಗ ಆರು ಹೆಜ್ಜೆ ಉಸಿರು ಒಳಗೆ, ಆರು ಹೆಜ್ಜೆ ಹೊರಗೆ. ವಾರಕ್ಕೊಂದು ಹೆಜ್ಜೆ ಏರಿಸುತ್ತಾ ಹೋಗಬೇಕು. ಊದುವ ಮುಂಚೆ ಮೊದಲು ತಗ್ಗಿನ ಸ್ವರ, ಮಲಗಿದ ಮರಿ ಏಳದಷ್ಟು ಮೆಲ್ಲಗೆ, ಉದ್ದಕ್ಕೆ. ಎಷ್ಟು ಹೊತ್ತು ಊದಿದೆಯೋ ಅಷ್ಟು ಹೊತ್ತು ಬಾಯಿಗೆ ಬಿಡುವು. ಆಮೇಲೆ ಒಂದೊಂದೇ ಮೆಟ್ಟಿಲು ಮೇಲೆ. ನನ್ನ ಕೈ ಹಿಡಿದು ತನ್ನ ಬೆನ್ನ ಕೆಳಗೆ, ಪಕ್ಕೆಲುಬು ಮುಗಿಯುವಲ್ಲಿ ಇಟ್ಟುಕೊಂಡು ಉಸಿರೆಳೆದ. ನನ್ನ ಅಂಗೈ ಹೊರಗೆ ಸರಿಯಿತು. ಬೆನ್ನಿಗೂ ಉಸಿರು ಹೋಗುತ್ತದೆಂದು ನನಗೆ ಆವತ್ತಿನ ತನಕ ಗೊತ್ತಿರಲಿಲ್ಲ.

"ಕುರಿ ಮಲಗಿದಾಗ ನೋಡ್ರಿ ಮಾಸ್ತರ. ಎದಿ ಅಲ್ಲಾಡಲ್ಲ. ಪಕ್ಕಿ ಏರ್ತದ, ಇಳೀತದ. ಅದಕ್ಕ ಯಾರ್ ಕಲಿಸ್ಯಾರ?"

"ನಾ ಮನುಷ್ಯಾ ಇದ್ದೀನಿ" ಎಂದು ಕೈ ಎಳೆದುಕೊಂಡೆ. ಇಂದು ಅದೇ ಮಾತನ್ನು, ಅದೇ ಕುರಿಯ ಪಕ್ಕೆಯನ್ನು, ನನ್ನ ಹತ್ತಿರ ಬರುವವರಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಯಾರ ಮಾತೆಂದು ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ನಮ್ಮ ಬ್ಯಾಂಡಿನ ಹುಕುಮುಗಳೆಲ್ಲ ಮರಾಠಿ. ಮೆರವಣಿಗೆಯಲ್ಲಿ ವರನ ಕುದುರೆ ಹಿಂದೆ ಬಿದ್ದರೆ, ದಾರಿ ಕಟ್ಟಿದರೆ, ನಾನು ತಿರುಗಿ "ದಮ್ ಧರಾ" ಎಂದು ಕೂಗುತ್ತಿದ್ದೆ. ಆ ಮಾತಿಗೆ ಮರಾಠಿಯಲ್ಲಿ ತಾಳಿ, ತಡೆಯಿರಿ ಎಂದರ್ಥ. ಎಲ್ಲರೂ ಬಾಜಾ ನಿಲ್ಲಿಸುತ್ತಿದ್ದರು. ಅವನ ಮರಾಠಿ ಸಂತೆಯ ಮರಾಠಿ, ಉಪ್ಪು ಮೆಣಸಿನಕಾಯಿಗೆ ಸಾಕಾಗುವಷ್ಟು. ಭಾಲ್ಕಿಯ ಪಾರ್ಟಿಯಲ್ಲಿ ನಿಲ್ಲಿಸಬೇಕಾದರೆ "ರುಕೋ" ಎನ್ನುತ್ತಿದ್ದರಂತೆ. ಅವನ ಕನ್ನಡದಲ್ಲಿ ದಮ್ ಅಂದರೆ ಉಸಿರು. ಧರಾ ಅಂದರೆ ಹಿಡಿಯಿರಿ ಎಂಬುದು ಸಂತೆಯ ಮರಾಠಿಯಲ್ಲೂ ಗೊತ್ತಿರುವಂಥದ್ದೇ.

ನಿಲಂಗಾದ ಪೇಟೆಯಲ್ಲಿ ಒಂದು ಮದುವೆ. ಮುಂದೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಾ ದಾರಿಗೆ ಅಡ್ಡವಾಯಿತು. ನಾನು "ದಮ್ ಧರಾ" ಎಂದೆ. ಎಲ್ಲ ನಿಂತವು. ಅವನೊಬ್ಬನ ಸ್ವರ ಮಾತ್ರ ನಿಲ್ಲಲಿಲ್ಲ. ಒಂದೇ ಸ್ವರ, ಮೇಲಿನದು, ಅಲುಗದೆ, ನೂಲು ಎಳೆದ ಹಾಗೆ. ಕಣ್ಣು ಮುಚ್ಚಿಕೊಂಡಿದ್ದ, ನಾವೆಲ್ಲ ನಿಂತದ್ದೇ ಅವನಿಗೆ ಕಾಣಲಿಲ್ಲ. ಮೊದಲು ಜನ ನಕ್ಕರು. ಆಮೇಲೆ ಯಾರೋ ಎಣಿಸತೊಡಗಿದರು. ಬಸ್ಸಿನ ಕಿಟಕಿಯಲ್ಲಿದ್ದವರೂ ಸೇರಿಕೊಂಡರು. ಎಣಿಕೆ ನಲವತ್ತು ದಾಟಿತು. ಅವನು ನಿಲ್ಲಿಸಿದಾಗ ಪೇಟೆಯೇ ಕೂಗಿತು. ವರ ಕುದುರೆಯ ಮೇಲಿಂದಲೇ ಚಪ್ಪಾಳೆ ತಟ್ಟಿದ.

"ದಮ್ ಧರಾ ಅಂದ್ರ ತಾಳು ಅಂತ, ಹುಚ್ಚಾ" ಎಂದೆ ಹಲ್ಲು ಕಚ್ಚಿ.

"ಹೌದೇನ್ರಿ? ನಾ ದಮ್ ಹಿಡಿ ಅಂದ್ರೇನೋ ಅಂತ ಹಿಡದೆ. ಮುಂಜಾನಿ ಬಾಯಿ ಕಾಯಿಸಿದ್ದೆ, ನಡೀತು. ಇಲ್ಲಂದ್ರ ಅಲ್ಲೇ ಸಾಯ್ತಿದ್ದೆ."

ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ವಾರದಲ್ಲಿ ಉದಗೀರದ ತನಕ ಹೋಯಿತು. ಮದುವೆಯವರು ನಮ್ಮ ಅಂಗಡಿಗೆ ಬಂದು "ತೋ ದಮ್‌ವಾಲಾ ಪಾಹಿಜೇ" ಎನ್ನತೊಡಗಿದರು, ಆ ದಮ್ಮಿನವನೇ ಬೇಕು ಎಂದು. ಮಾಲಕ ಕುಣಿದಾಡಿದ. ನನಗೆ ಆಗಲೇ ಮುಂದಿನ ಹಲ್ಲು ಅಲ್ಲಾಡುತ್ತಿತ್ತು, ಮೇಲಿನ ಸ್ವರ ಹಿಡಿಯಲು ಹೋದರೆ ಗಾಳಿ ಸೋರುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಮೊದಲ ಟ್ರಂಪೆಟ್ ಅವನಿಗೆ ಹೋಯಿತು, ನಾನು ಕೋಲು ಹಿಡಿದು ಮುಂದೆ ನಡೆಯುವವನಾದೆ.

ಆ ಕೋಲಿನಿಂದ ನಾನು ಏನು ಮಾಡಿದೆ ಎಂಬುದನ್ನು ಬರೆಯಲೇಬೇಕು. ಅವನ ತಪ್ಪನ್ನೇ ನಾನು ಒಂದು ಆಟವಾಗಿ ಮಾಡಿದೆ. ಹೆಣ್ಣಿನ ಮನೆಯ ಬಾಗಿಲು ಬಂದಾಗ ಕೋಲನ್ನು ಮೇಲೆತ್ತಿ "ದಮ್ ಧರಾ" ಎನ್ನುವುದು, ಎಲ್ಲರೂ ನಿಲ್ಲುವುದು, ಅವನು ಹಿಡಿಯುವುದು, ಕೋಲು ಇಳಿದ ಮೇಲೆ ಬಿಡುವುದು. ಕೋಲು ನನ್ನ ಕೈಯಲ್ಲಿತ್ತು. ಇಳಿಸುವುದನ್ನು ನಾನು ತಡ ಮಾಡುತ್ತಿದ್ದೆ. ಅವನ ಕತ್ತಿನ ನರ ಉಬ್ಬುವುದನ್ನು ನೋಡುತ್ತಾ ಇನ್ನೊಂದು ಗಳಿಗೆ ಎತ್ತಿ ಹಿಡಿಯುತ್ತಿದ್ದೆ. ಜನ ಕೂಗುತ್ತಿದ್ದುದು ಅವನಿಗೆ, ಆದರೆ ಆ ಉಸಿರು ಯಾವಾಗ ಮುಗಿಯಬೇಕೆಂಬುದು ನನ್ನ ಕೈಯಲ್ಲಿ ಎಂಬ ಹೊಲಸು ಸಂತೋಷ ನನಗಿತ್ತು. ಒಮ್ಮೆ ಕೋಲು ಇಳಿಯುವ ಮುಂಚೆ ಅವನು ಬಿಟ್ಟಾಗ ಎಲ್ಲರ ಮುಂದೆ ಅಪ್ಪ ಅಮ್ಮನನ್ನು ಹಿಡಿದು ಬೈದೆ. ಸಂಜೆ ಅವನು ಒಂದೇ ಮಾತು ಹೇಳಿದ.

"ಹಿಡೀತೀನ್ರಿ, ನೀವ್ ಎಷ್ಟಂದ್ರ ಅಷ್ಟು. ನನಗ ಬಾಯಿ ಕಾಯಿಸ್ಲಾಕ ಹೊತ್ತು ಕೊಡ್ರಿ, ಅಷ್ಟೇ."

ಕೆಲವು ದಿನ ಕೊಟ್ಟೆ. ಹೆಚ್ಚು ದಿನ ಕೊಡಲಿಲ್ಲ. ಅವನು ಬೇಡುವುದು ನನಗೆ ಇಷ್ಟವಾಗತೊಡಗಿತ್ತು.

ಆಮೇಲೆ ಉದಗೀರದಲ್ಲಿ ಒಂದು ಮದುವೆ, ಪುಷ್ಯ ಕಳೆದು ಬಂದ ಮಾಘದ ಮೊದಲ ಮುಹೂರ್ತದಲ್ಲಿ. ಆದರೆ ಚಳಿ ಹೋಗಿರಲಿಲ್ಲ. ಉಮರ್ಗಾದಿಂದ ನಸುಕಿನಲ್ಲಿ ಹೊರಟೆವು. ನಿಲಂಗಾದ ಹತ್ತಿರ ಟೆಂಪೋದ ಗಾಲಿ ಪಂಕ್ಚರ್ ಆಯಿತು. ವಲಾಂಡಿಯ ಕ್ರಾಸಿನಲ್ಲಿ ಅವನು ಹೆಂಡತಿಯ ಜೊತೆ ಕಾಯುತ್ತಾ ನಿಂತಿದ್ದ. ಆಕೆ ರೊಟ್ಟಿಯ ಗಂಟನ್ನು ಕೈಗೆ ಕೊಟ್ಟಳು, ಅವನು ಹತ್ತಿ ಕೂತ. ಉದಗೀರ ಮುಟ್ಟುವಾಗ ಹೊತ್ತು ಮೀರಿತ್ತು. ಹೆಣ್ಣಿನವರು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು.

ಅವನು ಇಳಿದವನೇ ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡ. ನಾನು ಹೋಗಿ ಅವನ ಕಂಕುಳಿಗೆ ಕೈಹಾಕಿ ಅದನ್ನು ಕಿತ್ತು ತೆಗೆದೆ.

"ತತ್ತಿ ಮರಿ ಮಾಡ್ಲತ್ತೀಯೇನು? ನಡಿ."

"ಐದ್ ಮಿನಿಟ್ ಮಾಸ್ತರ."

"ಒಂದ್ ಮಿನಿಟ್ ಇಲ್ಲ."

"ಹಿತ್ತಾಳಿ ಬರ್ಫ ಆಗ್ಯಾದ ನೋಡ್ರಿ. ಇವತ್ತ ಮ್ಯಾಲಿಂದು ಬ್ಯಾಡ. ತೆಳಗಿಂದು ಹಿಡೀತೀನಿ, ನೀವ್ ಬ್ಯಾಡ ಅನ್ನತನಕ ಹಿಡೀತೀನಿ."

"ಮ್ಯಾಲಿಂದು. ಅದನ್ನ ನೋಡ್ಲಾಕೇ ಕರಸ್ಯಾರ."

ಬಾಗಿಲಿಗೆ ಬಂದೆವು. ನಾನು ಕೋಲು ಎತ್ತಿದೆ. ಅವನು ಹಿಡಿದ. ಇಪ್ಪತ್ತು ಎಣಿಸುವ ಹೊತ್ತಿಗೆ ಅವನ ತುಟಿಯ ಎಡ ಮೂಲೆ ನಡುಗತೊಡಗಿತು. ನಾನು ನೋಡಿದೆ. ನೋಡಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಸುಳ್ಳು, ನೋಡಿದೆ. ಅವನು ಕಣ್ಣು ತೆರೆದು ಕೋಲಿನ ಕಡೆ ನೋಡಿದ. ಅದನ್ನೂ ನೋಡಿದೆ. ಕೋಲು ಇಳಿಸಲಿಲ್ಲ. ಸ್ವರ ಒಡೆಯಲಿಲ್ಲ, ಸುಮ್ಮನೆ ಸೋರಿಹೋಯಿತು, ಸೈಕಲ್ಲಿನ ಗಾಲಿಯಿಂದ ಗಾಳಿ ಹೋದ ಹಾಗೆ. ಅವನು ಟ್ರಂಪೆಟ್ ಇಳಿಸಿ ಬಾಯಿಗೆ ಅಂಗೈ ಒತ್ತಿಕೊಂಡ. ಬೆರಳುಗಳ ನಡುವೆ ರಕ್ತ ಬಂತು. ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಬಾಜಾ ಚೆಲ್ಲಾಪಿಲ್ಲಿಯಾಯಿತು.

ಹೆಣ್ಣಿನ ಕಾಕಾ ಮುಂದೆ ಬಂದ. "ಕಾಯ್ ಮಾಸ್ತರ, ಸಂಪಲಾ ಕಾ ತುಮಚಾ ದಮ್‌ವಾಲಾ?" ಮುಗಿದುಹೋದನೇ ನಿಮ್ಮ ದಮ್ಮಿನವನು ಎಂದು ಕೇಳಿದ. ಸುತ್ತಲಿದ್ದವರು ನಕ್ಕರು.

ಪೆಟ್ಟಾಗಿದೆ ಎನ್ನಬಹುದಿತ್ತು. ಚಳಿ ಎನ್ನಬಹುದಿತ್ತು. ನನ್ನ ತಪ್ಪು ಎನ್ನುವುದು ದೂರದ ಮಾತು, ಏನೂ ಅನ್ನದೆ ಸುಮ್ಮನಿದ್ದರೂ ಆಗುತ್ತಿತ್ತು. ನಾನು ಕೈಮುಗಿದು ಅಂದೆ: "ದಾರೂ ಪ್ಯಾಯಲಾಯ್ ತೋ. ಮಾಫ್ ಕರಾ." ಅವನು ಕುಡಿದಿದ್ದಾನೆ, ಕ್ಷಮಿಸಿ.

ಅವನಿಗೆ ಕೇಳಿಸಿತು. ಅಷ್ಟು ಮರಾಠಿ ಅವನಿಗೆ ಬರುತ್ತಿತ್ತು. ಎದ್ದು ಬಂದು ಏನೋ ಹೇಳಲು ಹೋದ. ತುಟಿ ಹರಿದವನಿಗೆ ಪ, ಬ, ಮ ಬರುವುದಿಲ್ಲ, ತುಟಿಗಳು ಕೂಡುವುದಿಲ್ಲ. "ಮಾಸ್ತರ" ಎನ್ನುವುದು "ಆಸ್ತರ" ಆಯಿತು. "ಬೀರಪ್ಪನಾಣೆ" ಎಂದನೆಂದು ಕಾಣುತ್ತದೆ. "ಈರಹ್ಹನಾಣಿ" ಎಂದಷ್ಟೇ ಹೊರಬಿತ್ತು, ಜೊತೆಗೆ ಜೊಲ್ಲು ಮತ್ತು ರಕ್ತ. ಜನ ಇನ್ನಷ್ಟು ನಕ್ಕರು. "ಬಘಾ, ಬೋಲತಾ ಪಣ ಯೇತ ನಾಹೀ" ಎಂದರು. ನೋಡಿ, ಮಾತೂ ಹೊರಡುತ್ತಿಲ್ಲ. ಅವನ ತೊದಲೇ ನನ್ನ ಸುಳ್ಳಿಗೆ ಸಾಕ್ಷಿಯಾಯಿತು. ಅದಾದ ಮೇಲೆ ಅವನು ನನ್ನನ್ನು ನೋಡುತ್ತಾ ನಿಂತ. ಆಗಲಾದರೂ ನಾನು ಮಾತು ಹಿಂತೆಗೆದುಕೊಳ್ಳಬಹುದಿತ್ತು. "ಟೆಂಪೋದಾಗ ಕೂಡು ಹೋಗು" ಎಂದೆ.

ಆ ಮದುವೆಯ ಜನರಲ್ಲಿ ವಲಾಂಡಿಯ ಕಡೆಯವರು ಇಬ್ಬರು ಇದ್ದರು. ಅವನು ಊರು ಮುಟ್ಟುವ ಮುಂಚೆ ಮಾತು ಮುಟ್ಟಿತ್ತು.

ಮುಂದಿನದನ್ನು ನಾನು ಆಮೇಲೆ ಅವನ ಬಾಯಿಂದಲೇ ಕೇಳಿದೆ. ಗುಡಿಯ ಹಿರಿಯರು ಅವನನ್ನು ಕರೆಸಿದರು. ಅವನು ಮಾತಾಡಲು ಹೋದರೆ ಇನ್ನೂ ತೊದಲುತ್ತಿತ್ತು. ಆಗ ಅವನ ಹೆಂಡತಿ ಎದ್ದು ಬಂದು ದೇವರ ಮುಂದಿನ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಮುಟ್ಟಿ ನನ್ನ ಗಂಡ ಕುಡಿದಿಲ್ಲ ಎಂದು ಆಣೆ ಮಾಡಿದಳು. ಆ ಕಡೆಯ ಜನ ಭಂಡಾರ ಮುಟ್ಟಿ ಸುಳ್ಳು ಹೇಳುವುದಿಲ್ಲ. ಹೇಳಿದವರಿಗೆ ಜನ್ಮವಿಡೀ ಅದು ಅಂಟಿಕೊಳ್ಳುತ್ತದೆ. ಹಿರಿಯರಿಗೆ ದಿಕ್ಕು ತಪ್ಪಿತು. ಮಾಸ್ತರನನ್ನೇ ಕೇಳೋಣ ಎಂದು ತೀರ್ಮಾನಿಸಿದರು.

ಇಬ್ಬರು ಹಿರಿಯರು ಮತ್ತು ಆಕೆ ಬಸ್ಸು ಹಿಡಿದು ಉಮರ್ಗಾಕ್ಕೆ ಬಂದರು. ಹಿರಿಯರನ್ನು ಅಂಗಡಿಯಲ್ಲಿ ಕೂಡಿಸಿದೆ, ಚಹಾ ತರಿಸಿದೆ. ಆಕೆ ಶಟರಿನ ಹೊರಗೆ ನಿಂತಳು. ಬಾ ಎಂದು ನಾನು ಕರೆಯಲಿಲ್ಲ.

ಹಿರಿಯನೊಬ್ಬ ಕೇಳಿದ. "ನೀವ್ ಲಿಂಗಾ ಕಟ್ಟಿದವ್ರು ಮಾಸ್ತರ, ನಿಮ್ಮ ಮಾತಿನ ಮ್ಯಾಲ ನಮಗ ಭರವಸಾ ಅದ. ಅಂವಾ ಕುಡದಿದ್ದು ಖರೇ ಏನು? ನೀವ್ ನೋಡೀರೇನು?"

ಅಂಗಡಿಯಲ್ಲಿ ಮಾಲಕ ಇದ್ದ. ಡೋಲಿನವನು ಇದ್ದ. ಅವನಿಗೆ ಎಲ್ಲ ಗೊತ್ತಿತ್ತು, ತಲೆ ತಗ್ಗಿಸಿ ಡೋಲಿನ ಹಗ್ಗ ಬಿಗಿಯುತ್ತಾ ಕೂತಿದ್ದ. ನಿಜ ಹೇಳಿದರೆ ಮಾಸ್ತರಕಿ ಹೋಗುತ್ತದೆ ಅನ್ನಿಸಿತು.

"ವಾಸನಿ ಬಂತ್ರಿ" ಎಂದೆ.

ಹೊರಗಿನಿಂದ ಆಕೆ ಕೇಳಿದಳು. "ಯಾವಾಗ ಕುಡದಾನ್ರಿ? ಕ್ರಾಸಿನತನಕ ನಾನೇ ಬಂದಿದ್ದೆ. ನನ್ನ ಕಣ್ಣ ಮುಂದೇ ಟೆಂಪೋ ಹತ್ಯಾನ. ಟೆಂಪೋದಾಗ ನಿಮ್ಮ ಮಗ್ಗಲಕ್ಕೇ ಕೂತಿದ್ದ."

"ಕುಡಿಯೋರು ಹೆಂಡ್ತಿಗಿ ಹೇಳಿ ಕುಡೀತಾರೇನವ್ವ?" ಎಂದೆ. ಹಿರಿಯರು ನಗಲಿಲ್ಲ. ಮಾಲಕ ನಕ್ಕ.

ಆಕೆ ಸೆರಗು ಸರಿಮಾಡಿಕೊಂಡು ಶಟರಿನ ಕೆಳಗೆ ಒಂದು ಹೆಜ್ಜೆ ಒಳಗೆ ಬಂದಳು. ದನಿ ಏರಿಸಲಿಲ್ಲ.

"ನಾ ಭಂಡಾರ ಮುಟ್ಟೀನಿ ಮಾಸ್ತರ. ನೀವ್ ಹೌದಂದ್ರ ಅಂವಾ ಒಂದ್ ದಿನದ ಕುಡುಕಾ ಆಗ್ತಾನ. ನಾ ಸಾಯೋತನಕ ಸುಳ್ಳಿ ಆಗ್ತೀನಿ. ಇನ್ನೊಮ್ಮಿ ಹೇಳ್ರಿ."

ಇನ್ನೊಮ್ಮೆ ಹೇಳಿದೆ. "ವಾಸನಿ ಬಂತು."

ಹಿರಿಯರು ಚಹಾ ಕುಡಿಯದೆ ಎದ್ದರು. ಕೊಂಬು ಅವನ ಅಣ್ಣತಮ್ಮಂದಿರ ಮನೆಗೆ ಹೋಯಿತು.

ಅವನು ಮತ್ತೆ ಬ್ಯಾಂಡಿಗೆ ಬರಲಿಲ್ಲ. ಎರಡು ವರ್ಷದ ಮೇಲೆ ನನ್ನ ಮುಂದಿನ ಹಲ್ಲುಗಳು ಹೋದವು. ಹಲ್ಲು ಕಟ್ಟಿಸಿಕೊಂಡ ಮೇಲೆ ಊದಲು ಹೋದರೆ ಒಂದು ಸ್ವರವೂ ನಿಲ್ಲುತ್ತಿರಲಿಲ್ಲ. ಆಗ ನೆನಪಾದದ್ದು ಅವನ ಕ್ರಮ. ಹಿತ್ತಲಲ್ಲಿ ನಿಂತು ಕಂಕುಳಲ್ಲಿ ಬಟ್ಟಲು ಇಟ್ಟುಕೊಂಡೆ. ಫುರ್ರ್ ಎಂದೆ. ತಗ್ಗಿನ ಸ್ವರ, ಬಿಡುವು, ತಗ್ಗಿನ ಸ್ವರ, ಬಿಡುವು. ಎರಡು ತಿಂಗಳಲ್ಲಿ ಸ್ವರ ಬಂತು, ಮೊದಲಿಗಿಂತ ದುಂಡಗೆ ಬಂತು. ಅಷ್ಟು ವರ್ಷ ನಾನು ನಕ್ಕ, ಕಿತ್ತೆಸೆದ ವಿದ್ಯೆ ನನ್ನ ಬಾಯಿಗೇ ಬಂದು ಕೂತಿತು. ಬೇರೆಯವನಾಗಿದ್ದರೆ ಅಂದೇ ಹೊರಟು ವಲಾಂಡಿಗೆ ಹೋಗುತ್ತಿದ್ದ. ನಾನು ಪಾಠ ಶುರುಮಾಡಿದೆ. ಕಾಲು ಘಂಟೆ ತುಟಿ ಕಾಯಿಸದವನನ್ನು ನನ್ನ ಅಂಗಳಕ್ಕೆ ಬಿಡುವುದಿಲ್ಲ ಎಂದು ನಿಯಮ ಮಾಡಿದೆ. ಉದಗೀರದಿಂದ, ಶಿರೂರ ಅನಂತಪಾಳದಿಂದ ಊದುವವರು ಬಂದರು. ಹೆಸರಾಯಿತು.

ಹೆಸರು ಚುಚ್ಚತೊಡಗಿದ ಮೇಲೆ, ಏಳು ವರ್ಷದ ಹಿಂದೆ, ಅವನ ಊರಿಗೆ ಹೋದೆ. ಮಧ್ಯಾಹ್ನ. ಅವನು ಒಳಗೆ ಕಂಬಳಿಯ ಮೇಲೆ ಕೂತಿದ್ದ. ತುಟಿಯ ಎಡಗಡೆ ಒಂದು ಗಂಟು ಉಳಿದಿತ್ತು, ಮಾತು ಸ್ಪಷ್ಟವಾಗಿತ್ತು. ನಾನು ಅವನ ಕಾಲಿಗೆ ಬಿದ್ದೆ. ಅಳುವೂ ಬಂತು.

"ಏಳ್ರಿ, ಏಳ್ರಿ. ವಯಸ್ಸಾದವ್ರು, ಬಿದ್ದ್ರ ಎಬ್ಬಿಸ್ಲಾಕ ಆಗಲ್ಲ ನನಗ" ಎಂದ. "ತುಟಿ ಮಾತ ಬಿಡ್ರಿ. ಮ್ಯಾಲಿಂದು ಬರಲ್ಲ, ತೆಳಗಿಂದು ಬರ್ತದ. ಕುರಿ ಕರೀಲಾಕ ತೆಳಗಿಂದು ಸಾಕು. ಅವು ಒನ್ಸ್ ಮೋರ್ ಅನ್ನಲ್ಲ."

ನಾನು ನಗಲೋ ಬೇಡವೋ ಎಂದು ಕೂತಿದ್ದೆ. ಅವನು ದನಿ ತಗ್ಗಿಸಿದ.

"ನನ್ನ ಕಾಲಿಗಿ ಬಿದ್ದು ಏನ್ ಮಾಡ್ತೀರಿ? ಗುಡಿಯಾಗ ಆಕಿ ಆರತಿ ತಾಟು ಇನ್ನಾ ಬಾಜೂ ಇಡ್ತಾರ. ಆಕಿ ಕೈಯಾಗಿನ ಭಂಡಾರ ಯಾ ಹೆಣ್ಮಗಳೂ ಹಚ್ಚಿಗೊಳ್ಳಲ್ಲ. ನಮ್ಮ ತಂಗಿ ಮಗಳ ಮದಿವ್ಯಾಗ ಹಚ್ಚಲಾಕ ಕೈ ಮುಂದ ಮಾಡಿದಳು, ಬೀಗ್ತಿ ಮಾರಿ ತಿರಗಿಸಿದಳು. ಕೊಂಬು ಹೋದ್ರ ಹೋಗ್ಲಿ. ಅಂಗಳದಾಗ ಕೂತಾಳ ನೋಡ್ರಿ, ಆಕಿಗಿ ಕೇಳ್ರಿ. ಕೇಳಿ, ಗುಡಿಯಾಗ ನಾಕ್ ಮಂದಿ ಮುಂದ ಒಂದ್ ಮಾತ ಹೇಳ್ರಿ."

ನಾನು ಎದ್ದು ಅಂಗಳಕ್ಕೆ ಹೋದೆ. ಆಕೆ ಉಣ್ಣೆಯ ರಾಶಿ ಮುಂದಿಟ್ಟುಕೊಂಡು ಅದರಲ್ಲಿ ಸಿಕ್ಕ ಮುಳ್ಳು ಆರಿಸುತ್ತಿದ್ದಳು. ನನ್ನ ನೆರಳು ಉಣ್ಣೆಯ ಮೇಲೆ ಬಿದ್ದಾಗ ಕೈ ನಿಲ್ಲಿಸಿದಳು. ತಲೆ ಎತ್ತಿ ನೋಡಿದಳು. ಬಯ್ಯಲಿಲ್ಲ. ಕಾದಳು. ಒಳಗಿನ ಮಾತು ಆಕೆಗೆ ಕೇಳಿಸಿತ್ತು, ಬಾಗಿಲು ಅಲ್ಲೇ ಇತ್ತು. ಗಂಡಸಿನ ಕಾಲಿಗೆ ಬೀಳಲು ನನಗೆ ಕ್ಷಣ ಹಿಡಿದಿರಲಿಲ್ಲ. ಆಕೆಯ ಮುಂದೆ ನನ್ನ ಬಾಯಿಗೆ ಬೀಗ ಹಾಕಿದಂತಾಯಿತು. ಹೆಂಗಸು, ಕುರಿಯವರ ಹೆಂಗಸು, ನಾನು ಮಾಸ್ತರ: ಇದೇ ಕಾರಣ, ಬೇರೆ ಇಲ್ಲ. ಇದನ್ನು ಬರೆಯುವಾಗ ಪೆನ್ನು ಮುರಿಯುವಷ್ಟು ಸಿಟ್ಟು ಬರುತ್ತಿದೆ.

"ಬರ್ತೀನವ್ವ" ಎಂದೆ.

"ಹೂಂ" ಎಂದು ಆಕೆ ಮತ್ತೆ ಮುಳ್ಳು ಆರಿಸತೊಡಗಿದಳು.

ಅವನು ಕ್ರಾಸಿನ ತನಕ ಬಂದ. "ಅಮಾಸಿಗಿ ಬರ್ತೀರಲ್ಲ ಮಾಸ್ತರ?" ಎಂದ. "ಬರ್ತೀನಿ" ಎಂದೆ. ಏಳು ವರ್ಷದ ಅಮಾವಾಸ್ಯೆಗಳು ಹೋಗಿವೆ. ಮೊಣಕಾಲು ನೋವು ಎಂದೆ, ಬಸ್ಸು ಇಲ್ಲ ಎಂದೆ, ಪಾಠ ಇದೆ ಎಂದೆ. ಬಸ್ಸು ಇದೆ. ಅದೇ ಮೊಣಕಾಲಿನಲ್ಲಿ ನಿಲಂಗಾಕ್ಕೆ ಶಾಲು ಹೊದಿಸಿಕೊಳ್ಳಲು ಹೋಗಿಬಂದೆ.

ಇದನ್ನು ಕ್ಷಮೆ ಎಂದು ಯಾರೂ ಓದಬಾರದು. ಆಕೆಗೆ ಓದು ಬರುವುದಿಲ್ಲ, ಆ ಗುಡಿಯಲ್ಲಿ ಇದನ್ನು ಯಾರೂ ಓದಿ ಹೇಳುವುದೂ ಇಲ್ಲ. ನನ್ನಿಂದ ಕಲಿತವರು ಓದುತ್ತಾರೆ, ಓದಲಿ. ನೀವು ಬೆನ್ನಿಗೆ ಎಳೆದುಕೊಳ್ಳುವ ಉಸಿರು ಅವನದು. ಅವನು ಅಂದು ಕುಡಿದಿರಲಿಲ್ಲ. ಟೆಂಪೋದಲ್ಲಿ ನನ್ನ ಪಕ್ಕವೇ ಕೂತಿದ್ದ, ಅವನ ಬಾಯಿಂದ ಬಂದದ್ದು ರೊಟ್ಟಿ ಮತ್ತು ಶೇಂಗಾ ಚಟ್ನಿಯ ವಾಸನೆ. ಭಂಡಾರ ಮುಟ್ಟಿ ಹೇಳಿದ ಮಾತು ನಿಜ, ಅಂಗಡಿಯಲ್ಲಿ ಎರಡು ಸಲ ಹೇಳಿದ ಮಾತು ಸುಳ್ಳು. ಅವನ ಕಾಲಿಗೆ ಬಿದ್ದು ಎದ್ದವನು ನಾನು. ಅಂಗಳದಲ್ಲಿ ನನಗಾಗಿ ಕೈ ನಿಲ್ಲಿಸಿ ಕಾದಿದ್ದವಳಿಗೆ ಮಾತ್ರ ಈ ಹೊತ್ತಿನ ತನಕ ತಪ್ಪಾಯಿತು ಎಂದಿಲ್ಲ. ಆಕೆ ಅವನ ಹೆಂಡತಿ.